ಒಂದೇ ರೂಪದ ಎರೆಹುಳುಗಳಲ್ಲಿ ಅಡಗಿದ ಪ್ರಭೇದ ಪತ್ತೆ ಹಚ್ಚುವ ಬಗೆ

ಹೊರನೋಟಕ್ಕೆ ಒಂದೇ ತೆರನಾಗಿವೆ ಎಂದಮಾತ್ರಕ್ಕೆ ಎರೆಹುಳುಗಳೆಲ್ಲ ಒಂದೇ ಪ್ರಭೇದದವು ಎನ್ನುವಂತಿಲ್ಲ. ಬಹುಕಾಲ ಲುಂಬ್ರಿಕಸ್ ಟೆರೆಸ್ಟ್ರಿಸ್ ಎಂದೇ ಗುರುತಿಸಲಾಗುತ್ತಿದ್ದ ಹುಳುಗಳಲ್ಲಿ ಲುಂಬ್ರಿಕಸ್ ಹರ್ಕ್ಯುಲಿಯಸ್ ಎಂಬ ಇನ್ನೊಂದು ಪ್ರಭೇದವೂ ಬೆರೆತಿದೆ ಎಂದು 2010ರ ಡಿಎನ್‌ಎ ಅಧ್ಯಯನ ತೋರಿಸಿತು. ಇಂಥದ್ದನ್ನು ಪತ್ತೆ ಮಾಡಬೇಕಾದರೆ ಹುಳುವಿನ ಡಿಎನ್‌ಎಯೂ ಬೇಕು, ದೇಹವೂ ಉಳಿಯಬೇಕು.

25 ಸೆಂ.ಮೀ. ಉದ್ದ, ಅಗಲ, ಆಳದ ಮಣ್ಣನ್ನು ಅಗೆದು ಹುಳುಗಳನ್ನು ಕೈಯಿಂದ ಆರಿಸಿ. ಆಳದ ಬಿಲಗಳಲ್ಲಿರುವವು ಮೇಲೆ ಬರಲು ಲೀಟರ್ ನೀರಿಗೆ 10 ಗ್ರಾಂ ಸಾಸಿವೆ ಪುಡಿ ಕದಡಿ ಗುಂಡಿಗೆ ಸುರಿಯಿರಿ. ಫಾರ್ಮಲಿನ್ ಸುರಿಯುವುದು ಹಳೆಯ ರೂಢಿ, ಆದರೆ ಅದು ಡಿಎನ್‌ಎಯನ್ನು ಹಾಳುಮಾಡುತ್ತದೆ. ಕೊರಳ ಬಳಿ ದಪ್ಪ ಪಟ್ಟಿ, ಅಂದರೆ ಕ್ಲೈಟೆಲ್ಲಂ, ಮೂಡಿದ ಬೆಳೆದ ಹುಳುಗಳಿಗೇ ಆದ್ಯತೆ ಕೊಡಿ. ಎಳೆಯ ಹುಳುಗಳ ಡಿಎನ್‌ಎ ಓದಬಹುದು, ಆದರೆ ದೇಹದ ಲಕ್ಷಣಗಳೊಂದಿಗೆ ತಾಳೆ ನೋಡಲಾಗದು. ಎಥನಾಲ್‌ನಲ್ಲಿ ಬಣ್ಣ ಮಾಸುವುದರಿಂದ ಜೀವಂತವಿರುವಾಗಲೇ ಚಿತ್ರ ತೆಗೆದಿಡಿ.

ಹುಳುವನ್ನು ತೊಳೆದು, ಶೇ. 10–15ರ ಎಥನಾಲ್‌ನಲ್ಲಿ ಅಲುಗಾಟ ನಿಂತ ಮೇಲೆ ನೇರ ಮಾಡಿ. ಬಾಲದ ತುದಿಯಿಂದ ಮೆಂತ್ಯದ ಕಾಳಿನಷ್ಟು ತುಣುಕು ಕತ್ತರಿಸಿ, ಒಳಗಿನ ಕರುಳನ್ನೂ ಮಣ್ಣನ್ನೂ ಕೆರೆದು ತೆಗೆಯಿರಿ. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನ ವಿಫಲವಾಗುವುದಕ್ಕೆ ಮುಖ್ಯ ಕಾರಣಗಳಲ್ಲೊಂದು ಆ ಮಣ್ಣಿನ ಹ್ಯೂಮಿಕ್ ಆಮ್ಲ. ತುಣುಕನ್ನು ಶೇ. 96ರ ಎಥನಾಲ್‌ನಲ್ಲಿ, ಸಾಧ್ಯವಾದರೆ ಮೈನಸ್ 20 ಡಿಗ್ರಿಯಲ್ಲಿ ಇಡಿ. ಉಳಿದ ದೇಹವನ್ನೂ ಎಥನಾಲ್‌ನಲ್ಲಿಟ್ಟು, 24 ಗಂಟೆಯ ನಂತರ ದ್ರವ ಬದಲಿಸಿ. ದೇಹದ ನೀರು ಅದನ್ನು ತೆಳುವಾಗಿಸಿರುತ್ತದೆ. ಎರಡಕ್ಕೂ ಒಂದೇ ಸಂಖ್ಯೆ, ಪೆನ್ಸಿಲ್ಲಿನಲ್ಲಿ ಬರೆದು ಬಾಟಲಿಯೊಳಗೇ ಹಾಕಿ. ಶಾಯಿ ಅಳಿಸಿಹೋಗುತ್ತದೆ.

ಪ್ರಯೋಗಾಲಯದಲ್ಲಿ ಪಿಸಿಆರ್ ನಡೆಸಿದರೆ, ಎಲ್‌ಸಿಒ1490, ಎಚ್‌ಸಿಒ2198 ಎಂಬ ಪ್ರೈಮರ್‌ಗಳಿಂದ (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಪುಟ್ಟ ಡಿಎನ್‌ಎ ತುಣುಕುಗಳು) ಮೈಟೊಕಾಂಡ್ರಿಯಾದ ಸಿಒಐ ಜೀನಿನ ಸುಮಾರು 658 ಅಕ್ಷರಗಳು ಸಿಗುತ್ತವೆ. ಪ್ರೈಮರ್ ಅಂಟುವ ತಾಪಮಾನ 45–50 ಡಿಗ್ರಿ ಇರಲಿ. ಫಲಿತಾಂಶ ಬಾರದಿದ್ದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳುವಾಗಿಸಿ ನೋಡಿ. ತಡೆಯೊಡ್ಡುವ ಆಮ್ಲವೂ ತೆಳುವಾಗುತ್ತದೆ. ಡಿಎನ್‌ಎ ಹಾಕದ ಖಾಲಿ ನಳಿಕೆಯೊಂದು ಪ್ರತಿ ಬಾರಿಯೂ ಜೊತೆಗಿರಬೇಕು. ಸಿಕ್ಕ ಸರಣಿಯನ್ನು ಅಕಶೇರುಕಗಳ ಮೈಟೊಕಾಂಡ್ರಿಯಾ ಸಂಕೇತದಂತೆ ಪ್ರೋಟೀನಾಗಿ ಅನುವಾದಿಸಿ. ನಡುವೆ ನಿಲುಗಡೆ ಸಂಕೇತ, ಅಂದರೆ ಪ್ರೋಟೀನ್ ಇಲ್ಲಿಗೆ ಮುಗಿಯಿತು ಎನ್ನುವ ಗುರುತು, ಬಂದರೆ ಒಂದೋ ಓದು ತಪ್ಪಾಗಿದೆ, ಇಲ್ಲವೇ ಅದು ಕೋಶಕೇಂದ್ರದ ಡಿಎನ್‌ಎಗೆ ಸೇರಿಹೋದ ಆ ಜೀನಿನ ನಕಲು.

ಹೆಚ್ಚು ಎಚ್ಚರ ಬೇಕಾದದ್ದು ಇದಾದ ಮೇಲೆ. ಎರೆಹುಳುಗಳ ಸಿಒಐ ಒಂದೇ ಪ್ರಭೇದದೊಳಗೂ ಬಹಳ ಬದಲಾಗುತ್ತದೆ. ಎರಡು ಹುಳುಗಳ ಸರಣಿಗಳ ವ್ಯತ್ಯಾಸ ಸುಮಾರು ಶೇ. 9ಕ್ಕಿಂತ ಕಡಿಮೆಯಿದ್ದರೆ ಒಂದೇ ಪ್ರಭೇದ, ಶೇ. 15 ದಾಟಿದರೆ ಬೇರೆ ಎನ್ನುವುದು ಸ್ಥೂಲ ಅಳತೆಯಷ್ಟೇ, ನಡುವಿನದ್ದು ಅಸ್ಪಷ್ಟ. ಮೈಟೊಕಾಂಡ್ರಿಯಾ ತಾಯಿಯ ಕಡೆಯಿಂದ ಮಾತ್ರ ಬರುವುದರಿಂದ ಬೆರಕೆ ಸಂತಾನವನ್ನು ಅದು ತೋರಿಸಲಾರದು. ಐಸೀನಿಯಾ ಫೆಟಿಡಾ ಮತ್ತು ಐಸೀನಿಯಾ ಆಂಡ್ರೆಯಿಗಳ ನಡುವೆ ಅಂಥ ಬೆರಕೆ ಕಂಡುಬಂದಿದೆ. ಆದ್ದರಿಂದ 28ಎಸ್ ಅಥವಾ ಹಿಸ್ಟೋನ್ ಎಚ್3ಯಂತಹ ಕೋಶಕೇಂದ್ರದ ಜೀನನ್ನೂ ಓದಿ. ಒಂದೇ ಮಣ್ಣಿನಲ್ಲಿ ಬದುಕುತ್ತಿದ್ದೂ ಎರಡು ಗುಂಪುಗಳು ಎರಡೂ ಜೀನುಗಳಲ್ಲಿ ಬೇರೆಯಾಗಿಯೇ ಉಳಿದಿದ್ದರೆ ಅದು ಗಟ್ಟಿ ಪುರಾವೆ. ಸಂಯೋಗವಿಲ್ಲದೆ ಸಂತಾನ ಪಡೆಯುವ ಪ್ರಭೇದಗಳಿಗೆ ಈ ವಾದ ಅನ್ವಯಿಸುವುದಿಲ್ಲ. ಅಲ್ಲಿ ಪ್ರತಿ ವಂಶವೂ ಹೇಗಿದ್ದರೂ ಬೇರೆಯಾಗಿಯೇ ಸಾಗುತ್ತದೆ.

ಆಮೇಲೆ ಉಳಿಸಿಟ್ಟ ದೇಹಗಳನ್ನು ಸೀಳಿ, ವೀರ್ಯ ಶೇಖರಿಸಿಡುವ ಚೀಲಗಳು ಎಷ್ಟಿವೆ, ದೇಹದ ಯಾವ ಖಂಡದಲ್ಲಿವೆ ಎಂದು ನೋಡಿ. ಹೆಸರಿಡುವಾಗ ಡಿಎನ್‌ಎ ಸರಣಿಗಳ ದತ್ತಾಂಶಕೋಶದಲ್ಲಿ ಹೊಂದಿಕೆಯಾದ ಹೆಸರನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಅಲ್ಲಿನ ಎಷ್ಟೋ ಸರಣಿಗಳಿಗೆ ಗುರುತು ತಪ್ಪಾಗಿ ಅಂಟಿದೆ; ಪ್ರಭೇದವನ್ನು ಮೊದಲು ವಿವರಿಸಿದ ಜಾಗದ ಹುಳುವಿನ ಸರಣಿಯೊಂದಿಗೆ ಹೋಲಿಸಿ.