ಒಂದು ಸಾಲೂ ಬರೆಯದ ಹತ್ತು ದಿನ

ಕಾದಂಬರಿ ಸ್ಪರ್ಧೆಯ ಪ್ರಕಟಣೆ ನನ್ನ ಕಣ್ಣಿಗೆ ಬಿದ್ದಾಗ ಕೊನೆಯ ದಿನಕ್ಕೆ 40 ದಿನ ಉಳಿದಿತ್ತು. ಕನಿಷ್ಠ 30,000 ಪದ ಕೇಳಿದ್ದರು. ನನ್ನ ಕೆಲಸ ಮೈಸೂರಿನಲ್ಲಿ, ಮನೆ ಮಂಡ್ಯದಲ್ಲಿ. ಬೆಳಿಗ್ಗೆ ಐದರಿಂದ ಆರೂವರೆ, ಆಮೇಲೆ ರೈಲಿನಲ್ಲಿ ಸೀಟು ಸಿಕ್ಕರೆ ಮುಕ್ಕಾಲು ಗಂಟೆ. ಬರೆಯೋಕೆ ಇದ್ದ ಹೊತ್ತು ಅಷ್ಟೇ.

ಆದರೂ ಮೊದಲ ಹತ್ತು ದಿನ ಒಂದು ಸಾಲೂ ಬರೆಯಬಾರದು ಅಂತ ತೀರ್ಮಾನಿಸಿದೆ. ಎರಡು ವರ್ಷ ಹಿಂದೆ ಹುಮ್ಮಸ್ಸಿನಲ್ಲಿ ಶುರು ಮಾಡಿದ ಕಾದಂಬರಿ ನಲವತ್ತನೇ ಪುಟಕ್ಕೆ ನಿಂತುಹೋಗಿತ್ತು. ಕಥೆ ಗೊತ್ತಿತ್ತು. ಆದರೆ ಪ್ರತಿ ಪುಟದಲ್ಲೂ ಯಾವುದೋ ಸಣ್ಣ ವಿಷಯ ಕೈ ಹಿಡಿದು ನಿಲ್ಲಿಸುತ್ತಿತ್ತು.

ಮೊದಲು ಲೆಕ್ಕ ಹಾಕಿದೆ. 30 ದಿನಕ್ಕೆ 50,000 ಪದ ಬರೆಯುವ ಸವಾಲೊಂದು 1999ರಲ್ಲಿ ಅಮೆರಿಕದಲ್ಲಿ ಶುರುವಾಯಿತಲ್ಲ, ದಿನಕ್ಕೆ 1,667 ಪದ. ಆ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ‘ಬರಬೇಕಾಗಿತ್ತಂತೆ’ ಅನ್ನುವುದು ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕೈದು ಪದ ಬೇಕು. ಹಾಗಾಗಿ ನಮ್ಮ 30,000 ಕಡಿಮೆಯೇನಲ್ಲ. ದಿನಕ್ಕೆ 1,200ರಂತೆ 25 ದಿನ ಬರೆಯುವುದು, ಉಳಿದ ಐದು ದಿನ ತಿದ್ದುವುದು ಅಂತ ಗೊತ್ತು ಮಾಡಿಕೊಂಡೆ.

ನನ್ನ ಕಥೆ ಮದ್ದೂರು ತಾಲ್ಲೂಕಿನ ಒಂದು ಊರಿನದು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ವರ್ಷ 2002, ಮಳೆ ಕೈಕೊಟ್ಟು ಜಿಲ್ಲೆಯೆಲ್ಲ ನೀರಿಗಾಗಿ ಬೀದಿಗಿಳಿದ ವರ್ಷ. ಗೋಡೆಗೆ ಒಂದು ಹಾಳೆ ಅಂಟಿಸಿ ಕಥೆಯ ತಿಂಗಳುಗಳನ್ನು ಬರೆದೆ. ಒಟ್ಲು, ಅಂದರೆ ಭತ್ತದ ಸಸಿಮಡಿ, ಹಾಕಿದ್ದು ಯಾವಾಗ, ಅಲ್ಲಿಂದ 25 ದಿನಕ್ಕೆ ನಾಟಿ ಆಗಬೇಕಿತ್ತು, ಆಗಲಿಲ್ಲ. ಪೈರು ಬಲಿಯುತ್ತಾ ಹೋಗುತ್ತದೆ, ನೀರು ಬರುವುದಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆ ವರ್ಷ ಊರಿನವರು ಬೆಳಿಗ್ಗೆ ಪೇಪರ್ ಬಿಡಿಸಿ ಮೊದಲು ನೋಡುತ್ತಿದ್ದದ್ದೇ ಕಟ್ಟೆಯ ಅವತ್ತಿನ ಅಂಕಿ. ಇಷ್ಟು ಬರೆದ ಮೇಲೆ ಕಥೆಗೆ ಬೇರೆ ನಕ್ಷೆ ಬೇಕಾಗಲಿಲ್ಲ.

ಪಾತ್ರಗಳ ವಿಷಯದಲ್ಲಿ ಎರಡು ದಿನ ವ್ಯರ್ಥವಾಯಿತು. ಹದಿನಾಲ್ಕು ಜನರ ಹುಟ್ಟು, ಓದು, ಮೈಬಣ್ಣ ಎಲ್ಲ ಬರೆದಿಟ್ಟೆ. ಅದರಲ್ಲಿ ಅರ್ಧಕ್ಕರ್ಧ ಬಳಕೆಗೆ ಬರಲಿಲ್ಲ. ನಿಜವಾಗಿ ಬೇಕಾಗಿದ್ದು ಇನ್ನೊಂದು: ಯಾರು ಯಾರನ್ನು ಏನಂತ ಕರೆಯುತ್ತಾರೆ? ಅದು ಗೊತ್ತಿಲ್ಲದೆ ಕನ್ನಡದಲ್ಲಿ ಒಂದು ಮಾತೂ ಬರೆಯಲಾಗುವುದಿಲ್ಲ, ಅಲ್ವಾ? ‘ಬಾ’ ಅಂದರೆ ಒಂದು ಸಂಬಂಧ, ‘ಬನ್ನಿ’ ಅಂದರೆ ಇನ್ನೊಂದು. ಒಂದು ಹಾಳೆಯಲ್ಲಿ ಅಡ್ಡ, ಉದ್ದ ಹೆಸರು ಬರೆದು ಚೌಕ ಹಾಕಿ ತುಂಬಿಸಿದೆ. ಸೊಸೆ ಅತ್ತೆಗೆ ‘ಅತ್ತೆಮ್ಮ’. ಗಂಡನ ಹೆಸರು ಹಿಡಿಯುವುದಿಲ್ಲ, ‘ನಮ್ಮನೇವ್ರು’. ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ವಯಸ್ಸಿನಲ್ಲಿ ಚಿಕ್ಕವನು, ಆದರೂ ನೀರಿನ ಕಾಲದಲ್ಲಿ ಊರಿಗೆಲ್ಲ ‘ಅಣ್ಣ’. ತುಂಬಿಸುತ್ತಾ ಹೋದಂತೆ ಜಗಳದ ಜಾಗಗಳು ತಾವಾಗಿಯೇ ಕಂಡವು. ಇಪ್ಪತ್ತು ವರ್ಷ ‘ನೀವು’ ಅಂದವಳು ಒಂದು ದಿನ ‘ನೀನು’ ಅಂದುಬಿಟ್ಟರೆ? ನನ್ನ ಕಾದಂಬರಿಯ ನಡುಭಾಗ ಪೂರ್ತಿ ಆ ಒಂದು ಚೌಕದಿಂದ ಹುಟ್ಟಿತು.

ಹನ್ನೊಂದನೇ ದಿನ ಬರೆಯಲು ಕೂತೆ. ನನಗೆ ನಾನೇ ಹಾಕಿಕೊಂಡ ಕಟ್ಟುಪಾಡು ಒಂದೇ. ಗೊತ್ತಿಲ್ಲದ್ದು ಎದುರಾದರೆ ‘ಕೇಳು’ ಅಂತ ಕೆಂಪು ಶಾಯಿಯಲ್ಲಿ ಬರೆದು ಮುಂದೆ ಹೋಗಬೇಕು. ಫೋನ್ ಮುಟ್ಟಬಾರದು, ಹಿಂದಿನ ಪುಟ ತಿರುಗಿಸಬಾರದು. ರೈಲು ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಕಿಟಕಿಯಾಚೆ ಕಾವೇರಿ ಕಂಡರೂ ಪೆನ್ನು ನಿಲ್ಲುತ್ತಿರಲಿಲ್ಲ. ಮಧ್ಯೆ ಜ್ವರದಲ್ಲಿ ಮೂರು ದಿನ ಹೋಯಿತು. ತಿದ್ದಲು ಎರಡೇ ದಿನ ಉಳಿಯಿತು.

ಅಷ್ಟರಲ್ಲಿ ಹದಿನೇಳು ‘ಕೇಳು’ ಸೇರಿದ್ದವು. ಅವನ್ನೆಲ್ಲ ಹಿಡಿದು ಮಾವನ ಊರಿಗೆ ಹೋದೆ. ಜಗಲಿ ಮೇಲೆ ಕೂತು ಒಂದೊಂದಕ್ಕೇ ಉತ್ತರ ಹೇಳಿದರು. ಕೊನೆಯದಕ್ಕೆ ಬಂದೆ. ನೀರುಗಂಟಿ ರಾತ್ರಿ ನಾಲೆಯ ತೂಬು ಎತ್ತಿ ನೀರು ಬಿಡುತ್ತಾನೆ, ಅದೇ ರಾತ್ರಿ ನನ್ನ ಕಥೆಯ ಹೆಂಗಸಿಗೆ ಮನೆ ಹಿಂದಿನ ಕಾಲುವೆಯಲ್ಲಿ ನೀರಿನ ಸದ್ದು ಕೇಳಿಸುತ್ತದೆ. ಮಾವ ತಲೆ ಆಡಿಸಿದರು. “ಎತ್ತಿದ ತಕ್ಷಣ ಕೊನೇ ಊರಿಗೆ ಬಂದ್ಬುಡ್ತದಾ? ಮೇಲಿನೋರು ಕಟ್ಕತ್ತಾರೆ. ಮೂರು ದಿನ ಬೇಕು ಕನವ್ವ.”

ಅವತ್ತು ರಾತ್ರಿ ಕೊನೆಯ ಅಧ್ಯಾಯ ಮತ್ತೆ ಬರೆದೆ. ಈಗ ಅವಳು ಮೂರು ರಾತ್ರಿ ಹಿತ್ತಿಲ ಬಾಗಿಲು ತೆರೆದಿಟ್ಟು ಕಾಯುತ್ತಾಳೆ.