ಮಣ್ಣಿನ ಮನೆ ಕಟ್ಟೋ ಆರ್ಕಿಟೆಕ್ಟ್ ಆಗ್ಬೇಕು ಅಂದ್ರೆ ಶುರು ಎಲ್ಲಿಂದ?

ಬಿ.ಆರ್ಕ್ ಓದ್ತಿರೋ ಹುಡುಗ್ರು ಹುಡ್ಗೀರು ಸುಮಾರು ಜನ ಇದನ್ನ ಕೇಳ್ತಾರೆ. ಲ್ಯಾಪ್‌ಟಾಪ್ ಮುಚ್ಚಿಟ್ಟು ಒಂದು ಗಾಜಿನ ಬಾಟಲಿ ತಗೊಳ್ಳಿ ಅಂತೀನಿ, ಉಪ್ಪಿನಕಾಯಿದಾದ್ರೂ ನಡಿಯತ್ತೆ.

ಬೇರು ಗೊಬ್ಬರ ಇರೋ ಮೇಲ್ಮಣ್ಣು ಬಿಟ್ಟು ಕೆಳಗಿಂದು ತೆಗೀರಿ, ಬಾಟಲೀಲಿ ಮೂರನೇ ಒಂದು ಭಾಗ ತುಂಬಿ ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಬಿಡಿ. ಮರಳು ಬೇಗ ತಳ ಸೇರತ್ತೆ, ಅದ್ರ ಮೇಲೆ ಹೂಳು, ಜೇಡಿ ಮಾತ್ರ ಮಾರನೇ ದಿನದವರೆಗೂ ಸತಾಯಿಸತ್ತೆ. ಆಮೇಲೆ ಪದರಗಳನ್ನ ಸ್ಕೇಲಲ್ಲಿ ಅಳೀರಿ. ಸಿಮೆಂಟ್ ಸೇರಿಸಿ ಮೆಷಿನ್ನಲ್ಲಿ ಒತ್ತೋ ಬ್ಲಾಕಿಗೆ ಮರಳು ಸುಮಾರು 65-70 ಪರ್ಸೆಂಟ್, ಜೇಡಿ 10-15 ಇದ್ರೆ ಒಳ್ಳೇದು, ಸಿಮೆಂಟ್ 5-7 ಸಾಕು. ಎರೆ ಮಣ್ಣು, ಅಂದ್ರೆ ಕಪ್ಪು ಮಣ್ಣು, ನೀರು ಕುಡಿದು ಉಬ್ಬತ್ತೆ, ಒಣಗಿ ಬಿರಿಯತ್ತೆ, ಅಲ್ಲಿ ಮರಳು ಬೆರೆಸ್ಬೇಕು, ಸುಣ್ಣ ನೋಡ್ಬೇಕು, ಇಲ್ಲಾ ಬೇರೆ ಕಡೆ ಮಣ್ಣು ತರ್ಬೇಕು. ಒಂದೂರಿನ ಮಿಕ್ಸ್ ಇನ್ನೊಂದೂರಿಗೆ ಆಗಲ್ಲ.

ಒತ್ತಿದ ಬ್ಲಾಕಿಗೆ ಮೂರ್ನಾಲ್ಕು ವಾರ ನೀರು ಹೊಡೀಲೇಬೇಕು. ನನ್ನ ಮೊದಲ ಸೈಟಲ್ಲಿ ಹಬ್ಬ ಅಂತ ನಾಲ್ಕನೇ ದಿನಕ್ಕೇ ಊರಿಗೆ ಹೋಗ್ಬಿಟ್ಟೆ, ವಾಪಸ್ ಬಂದು ಬ್ಲಾಕ್ ಎತ್ತಿದ್ರೆ ಅಂಚು ಬಿಸ್ಕತ್ ಥರ ಉದುರ್ತಿತ್ತು, ಮೇಸ್ತ್ರಿ ಒಂದ್ ಮಾತೂ ಆಡ್ಲಿಲ್ಲ, ಅದೇ ಜಾಸ್ತಿ ಚುಚ್ಚಿದ್ದು.

ಡಿಗ್ರಿ ವಿಷ್ಯ ಗೊತ್ತಿರೋದೇ. ನಾಟಾ ಅನ್ನೋ ಪ್ರವೇಶ ಪರೀಕ್ಷೆ, 5 ವರ್ಷದ ಕೋರ್ಸು, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ರಿಜಿಸ್ಟ್ರೇಷನ್, ಅದಿಲ್ದೆ ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕೋ ಹಾಗಿಲ್ಲ. ಟ್ರೈನಿಂಗ್ ಸೆಮಿಸ್ಟರ್ ಇದೆಯಲ್ಲ, ಅದನ್ನ ಮಾತ್ರ ಗ್ಲಾಸ್ ಬಿಲ್ಡಿಂಗ್ ಆಫೀಸಲ್ಲಿ ಕಳೀಬೇಡಿ. ಮಣ್ಣಿನ ಕಟ್ಟಡ ಕಲಿಸೋ ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟ್ ಇದೆ, ಕಮ್ಮಿ ಖರ್ಚಿನ ಮನೆಗಳಿಗೆ ಹೆಸರಾದ ಆರ್ಕಿಟೆಕ್ಟ್ ಲಾರಿ ಬೇಕರ್ ದಾರೀಲಿ ನಡೆಯೋ ಕೇರಳದ ಕಾಸ್ಟ್‌ಫೋರ್ಡ್ ಸಂಸ್ಥೆ ಇದೆ, 2001ರ ಭೂಕಂಪದ ನಂತರ ಕೆಲ್ಸ ಮಾಡಿದ ಗುಜರಾತಿನ ಭುಜ್‌ನ ಹುನ್ನರ್‌ಶಾಲಾ ಸಂಸ್ಥೆ ಇದೆ. ನಮ್ಮ ಬೆಂಗಳೂರೇನು ಕಮ್ಮಿ, 1974ರಲ್ಲಿ ಐಐಎಸ್‌ಸಿಲಿ ಶುರುವಾದ ಅಸ್ತ್ರ ಅನ್ನೋ ಗ್ರಾಮೀಣ ತಂತ್ರಜ್ಞಾನದ ತಂಡ ಮಣ್ಣಿನ ಬ್ಲಾಕ್ ಮೇಲೆ ವರ್ಷಗಟ್ಲೆ ಸಂಶೋಧನೆ ಮಾಡಿದೆ, ಇಲ್ಲಿನ ಆರ್ಕಿಟೆಕ್ಟ್ ಚಿತ್ರಾ ವಿಶ್ವನಾಥ್ ಅವರ ಎಷ್ಟೋ ಮನೆಗಳ ಗೋಡೆ ಅದೇ ಸೈಟಲ್ಲಿ ಅಗೆದ ಮಣ್ಣಿಂದು.

ರಜೆಗೆ ಊರಿಗೆ ಹೋದಾಗ ಹಳೇ ಮನೆ ಅಳತೆ ತಗೊಳ್ಳಿ. ಮಲೆನಾಡಲ್ಲಿ ಪಂಚಾಂಗ, ಅಂದ್ರೆ ಗೋಡೆ ಕೆಳಗಿನ ಅಡಿಪಾಯದ ಕಟ್ಟೆ, ಕಲ್ಲಿಂದು, ಮಾಡು ಅಂದ್ರೆ ಇಳಿಜಾರು ಛಾವಣಿ ಗೋಡೆ ದಾಟಿ ಎಷ್ಟು ಮುಂದೆ ಬಂದಿದೆ ನೋಡಿ, ಮಳೆಗೆ ಮಣ್ಣಿನ ಗೋಡೆ ಉಳಿದಿರೋದು ಅದ್ರಿಂದ. ಬಿಜಾಪುರ ಕಡೆ ಚಪ್ಪಟೆ ಮಣ್ಣಿನ ಛಾವಣಿಯ ಮಾಳಿಗೆ ಮನೆಗೆ ಅಂಥ ಮಾಡೇ ಇಲ್ಲ, ಯಾಕೆ ಅಂತ ಅಲ್ಲಿನ ಅಜ್ಜಂದಿರನ್ನೇ ಕೇಳಿ.

ಇನ್ನು ದುಡ್ಡು. ಕಟ್ಟೋ ಖರ್ಚಿನ ಮೇಲೆ ಪರ್ಸೆಂಟೇಜ್ ಫೀಸ್ ಒಪ್ಕೊಂಡ್ರೆ ನೀವು ಖರ್ಚು ಇಳಿಸಿದಷ್ಟೂ ನಿಮ್ಮ ಫೀಸೇ ಇಳಿಯತ್ತೆ, ಚದರಡಿ ಲೆಕ್ಕದಲ್ಲಿ ಮಾತಾಡಿ, ಸೈಟ್ ವಿಸಿಟ್‌ಗೆ ಬೇರೆ. ಮತ್ತೆ ಮಣ್ಣಿನ ಮನೆ ಅಗ್ಗ ಅಂತ ಹೇಳಿ ಕ್ಲೈಂಟ್ ಹಿಡೀಬೇಡಿ, ಮಣ್ಣು ಅಗ್ಗ, ಕೂಲಿ ಅಲ್ಲ.