ಡೇರೆ ಗೆಡ್ಡೆ ಕೊಳೆಯದಂತೆ ಉಳಿಸಿದ್ದು

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಡೇರೆ (ಡೇಲಿಯಾ) ಹೂವಿನ ಗಿಡ ಇಲ್ಲದ ಅಂಗಳ ಕಡಿಮೆ. ಹೂವೇನೋ ಬರುತ್ತದೆ, ಕಷ್ಟ ಇರುವುದು ಮುಂದಿನ ವರ್ಷಕ್ಕೆ ಗೆಡ್ಡೆ ಉಳಿಸುವುದರಲ್ಲಿ. ಚಳಿದೇಶಗಳಲ್ಲಿ ಹಿಮಕ್ಕೆ ಹೆದರಿ ಕಿತ್ತಿಡುತ್ತಾರೆ. ನಮ್ಮ ಚಳಿ ಅದನ್ನೇನೂ ಮಾಡುವುದಿಲ್ಲ, ಕೊಲ್ಲುವುದು ನೆಲದ ತೇವ. ನಮ್ಮಲ್ಲಂತೂ ಒಂದಿಷ್ಟು ಮಣ್ಣಲ್ಲೇ ಕೊಳೆಯುತ್ತಿತ್ತು, ಅಟ್ಟಕ್ಕೇರಿಸಿದ್ದು ಒಲೆಯ ಬಿಸಿಗೆ ಒಣಶುಂಠಿಯಂತೆ ಸುರುಟುತ್ತಿತ್ತು.

ಈಗ ಕಾಂಡ ತಾನಾಗಿ ಒಣಗುವವರೆಗೆ ಕಾದು, ಡಿಸೆಂಬರ್ ಹೊತ್ತಿಗೆ ಬುಡದಿಂದ ದೂರಕ್ಕೆ ಗುದ್ದಲಿ ಹಾಕಿ ಇಡೀ ಗೊಂಚಲನ್ನು ಎಬ್ಬಿಸುತ್ತೇನೆ. ಜೋಪಾನ ಮಾಡಬೇಕಾದ್ದು ಗೆಡ್ಡೆಯ ಕುತ್ತಿಗೆ. ಮೊಳಕೆಯ ಕಣ್ಣು ಇರುವುದು ಹಳೇ ಕಾಂಡಕ್ಕೆ ಅಂಟಿದ ಆ ಜಾಗದಲ್ಲಿ ಮಾತ್ರ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪಗಿರಲಿ, ಬೇರು ಬಿಟ್ಟೀತೇ ಹೊರತು ಚಿಗುರದು. ಹಾಗಾಗಿ ಬಿಡಿಸುವುದಿಲ್ಲ. ನಾಲ್ಕು ಬೆರಳು ಕಾಂಡ ಬಿಟ್ಟು ಕತ್ತರಿಸಿ, ತಲೆಕೆಳಗಾಗಿಟ್ಟು (ಪೊಳ್ಳು ಕಾಂಡದ ನೀರು ಇಳಿಯಲಿ ಅಂತ) ನೆರಳಲ್ಲಿ ಆರಿಸುತ್ತೇನೆ. ಕಪ್ಪಾಗಿ ಮೆತ್ತಗಾದದ್ದು ಗೊಬ್ಬರಗುಂಡಿಗೆ. ಉಳಿದದ್ದು ಒಣ ಮರಳಿನ ಬುಟ್ಟಿಯಲ್ಲಿ, ಜಗಲಿಯ ತಂಪು ಮೂಲೆಗೆ. ಪ್ಲಾಸ್ಟಿಕ್ ಕೊಟ್ಟೆ ಬೇಡವೇ ಬೇಡ, ಒಳಗೇ ಬೆವರುತ್ತದೆ.

ಮೇ ತಿಂಗಳ ಅಡ್ಡಮಳೆ ಬೀಳುವಾಗ ಕಣ್ಣು ಉಬ್ಬಿ ಕಾಣುತ್ತದೆ. ಆಗ ಒಂದೊಂದಕ್ಕೂ ಕಣ್ಣು ಬರುವಂತೆ ಚಾಕುವಿನಿಂದ ಸೀಳಿ, ಎತ್ತರದ ಮಡಿಯಲ್ಲಿ ನೆಡುವುದು. ಈ ಸಲ ಬಹುಪಾಲು ಚಿಗುರಿವೆ, ಅತ್ತಿಗೆ ಕೇಳಿದ್ದ ಬಿಳಿ ಡೇರೆಯೂ ಸೇರಿ.